ತಿದ್ದಕ್ಕ ಅಳಿಸಿದ ಮೂವತ್ತೊಂದು ನಕ್ಷತ್ರ

ಬೆಳಿಗ್ಗೆ ಆರೂಕಾಲು. ಭಾಷಾ ವಿಭಾಗದ ಮೂರನೇ ಮಹಡಿಯ ಸಭಾಕೋಣೆಯಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಐವತ್ತರ ಹೆಂಗಸೊಬ್ಬರು ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಕುರ್ಚಿಗಳನ್ನು ಸಾಲಾಗಿ ಇಡುತ್ತಿದ್ದಾರೆ. ಸಾಲು ಮುಗಿದ ಮೇಲೆ ಹಿಂದೆ ಸರಿದು ನೋಡುತ್ತಾರೆ. ಒಂದು ಕುರ್ಚಿ ಅರ್ಧ ಅಂಗುಲ ಮುಂದೆ ಬಂದಿದೆ. ಅದನ್ನೂ ಹಿಂದಕ್ಕೆ ತಳ್ಳಿದ ಮೇಲೆಯೇ ಅವರಿಗೆ ಸಮಾಧಾನ.

ಈ ಕಟ್ಟಡದಲ್ಲಿ ಅವರನ್ನು ಎಲ್ಲರೂ ಕರೆಯುವುದು ‘ತಿದ್ದಕ್ಕ’ ಎಂದೇ. ಕೆಲಸ ಟೈಪಿಸ್ಟ್‌ದು, ಚಟ ತಿದ್ದುವುದು. ಕ್ಯಾಂಟೀನಿನ ಬೋರ್ಡು, ಲಿಫ್ಟಿನ ಎಚ್ಚರಿಕೆ, ಪರಿಚಯದವರ ಮದುವೆ ಪತ್ರಿಕೆ, ಯಾವುದೂ ಅವರ ಪೆನ್ಸಿಲ್ಲಿನಿಂದ ಪಾರಾಗಿಲ್ಲ. “ಮನೇಲಿ ನಾನು ಮಾತಾಡೋದೇ ಕಮ್ಮಿ. ಬಾಯಿ ಬಿಟ್ರೆ ತಪ್ಪು ಹಿಡೀತಾಳೆ” ಎನ್ನುತ್ತಾರೆ ಲೇತ್ ಮೆಷಿನ್ ನಡೆಸುವ ಅವರ ಗಂಡ, ಹೆಂಡತಿಗೆ ಕೇಳಿಸುವಷ್ಟೇ ಮೆಲ್ಲಗೆ.

ಡಿಗ್ರಿ ಎರಡನೇ ವರ್ಷಕ್ಕೆ ಓದು ನಿಂತಿತು. ಅಪ್ಪ ಹಾಸಿಗೆ ಹಿಡಿದಿದ್ದರು, ಕೆಳಗೆ ಇಬ್ಬರು ತಂಗಿಯರಿದ್ದರು. ಆರು ತಿಂಗಳ ಮಟ್ಟಿಗೆ ಎಂದು ಇಲ್ಲಿ ಸೇರಿದವರಿಗೆ ಈಗ ಇಪ್ಪತ್ತೊಂಬತ್ತು ವರ್ಷ ಕಳೆದಿದೆ. ವ್ಯಾಕರಣದ ಒಂದು ಸಿದ್ಧಾಂತದ ಬಗ್ಗೆ ವಿಭಾಗ ಇವತ್ತಿನಿಂದ ನಡೆಸುವ ಎರಡು ದಿನದ ಪುಟ್ಟ ವಿಚಾರ ಸಂಕಿರಣದ ಭಾರವೆಲ್ಲ ಇವರ ತಲೆಯ ಮೇಲೆ. ಮೂವತ್ತನಾಲ್ಕು ಜನರಿಗೆ ಆಹ್ವಾನ, ಒಂಬತ್ತು ಪ್ರಬಂಧ, ನಾಲ್ಕು ಸಲ ಚಹಾ. ಸಿದ್ಧಾಂತವೇನೆಂದು ಕೇಳಿದರೆ ಬೆರಳಲ್ಲೇ ಬಿಡಿಸಿ ತೋರಿಸುತ್ತಾರೆ: “ಕ್ರಿಯಾಪದ ಮನೆ ಯಜಮಾನಿ. ಮಿಕ್ಕ ಪದಗಳೆಲ್ಲ ಅವಳ ಸೆರಗು ಹಿಡ್ಕೊಂಡೇ ನಿಂತಿರೋದು. ಅಷ್ಟೇ. ಇದನ್ನ ಇವರು ಎರಡು ದಿನ ಮಾತಾಡ್ತಾರೆ.”

ನಗುತ್ತಾರೆ. ಆದರೆ ಆ ನಗು ಮೊದಲ ಸಾಲಿನ ಕುರ್ಚಿಯ ಮುಂದೆ ಬಂದಾಗ ನಿಂತುಹೋಗುತ್ತದೆ. ಅಲ್ಲಿ ‘ಮೇಷ್ಟ್ರು’ ಎಂಬ ಹೆಸರಿನ ಚೀಟಿ ಇದೆ.

ಮೇಷ್ಟ್ರು ಈ ವಿಭಾಗದಲ್ಲೇ ಪಾಠ ಹೇಳಿದವರು. ಹನ್ನೊಂದು ವರ್ಷದ ಹಿಂದೆ, ಇದೇ ಕೋಣೆಯಲ್ಲಿ ನಡೆದ ಸಂಕಿರಣಕ್ಕೆ ಅವರ ಕೈಬರಹದ ಪ್ರಬಂಧವನ್ನು ಟೈಪ್ ಮಾಡಿದವರು ತಿದ್ದಕ್ಕ. ಅದರ ತುಂಬ ಎಂತೆಂಥದೋ ವಾಕ್ಯಗಳು: ‘ಅವಳು ನಿನ್ನೆ ಬರುತ್ತಾಳೆ’, ‘ನಾನು ನಾಳೆ ಉಂಡೆ’. ಪ್ರತಿಯೊಂದರ ಮೊದಲಿಗೂ ಒಂದು ಪುಟ್ಟ ನಕ್ಷತ್ರದ ಗುರುತು. ಜನ ಆಡದ ವಾಕ್ಯ ಎಂದು ತೋರಿಸಲು ವ್ಯಾಕರಣದವರು ಹಾಕುವ ಗುರುತು ಅದು. ತಿದ್ದಕ್ಕನಿಗೆ ಅದು ಗೊತ್ತಿರಲಿಲ್ಲ.

“ವಯಸ್ಸಾಯ್ತು, ಅವಸರದಲ್ಲಿ ತಪ್ಪು ಬರೆದಿದಾರೆ ಪಾಪ, ಆಮೇಲೆ ನೋಡೋಣ ಅಂತ ಗುರುತು ಹಾಕ್ಕೊಂಡಿದಾರೆ ಅಂದ್ಕೊಂಡೆ. ಎಲ್ಲಾ ಸರಿ ಮಾಡಿದೆ. ನಕ್ಷತ್ರ ಅಳಿಸಿದೆ. ಉಪಕಾರ ಮಾಡಿದೀನಿ ಅಂತ ಖುಷಿ ಬೇರೆ.”

ಮರುದಿನ ಪ್ರತಿಗಳನ್ನು ಹಂಚಿಯಾಯಿತು. ‘ಈ ವಾಕ್ಯವನ್ನು ಯಾರೂ ಆಡುವುದಿಲ್ಲ’ ಎಂದು ಮೇಷ್ಟ್ರು ಓದಿದರು. ಎಲ್ಲರ ಕೈಯ ಹಾಳೆಯಲ್ಲಿ ಅದರ ಕೆಳಗಿದ್ದದ್ದು ‘ಅವಳು ನಿನ್ನೆ ಬಂದಳು’. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಕೋಣೆ ನಕ್ಕಿತು. ಮೇಷ್ಟ್ರು ಹಾಳೆ ತಿರುವಿ ನೋಡಿ, ಕನ್ನಡಕ ತೆಗೆದು, “ತಪ್ಪು ನನ್ನದೇ” ಎಂದು ಕೂತುಬಿಟ್ಟರು. ಚಹಾದ ಟ್ರೇ ಹಿಡಿದು ಬಾಗಿಲಲ್ಲಿದ್ದ ತಿದ್ದಕ್ಕ ಒಳಗೆ ಬಂದು ಚಹಾ ಹಂಚತೊಡಗಿದರು.

“ಒಂದು ಮಾತು. ‘ಅದು ನಾನು ಮಾಡಿದ್ದು’ ಅಂದಿದ್ರೆ ಮುಗೀತಿತ್ತು. ಕೆಲಸ ಹೋಗುತ್ತೆ ಅಂತ ಹೆದರಿದೆ. ಅವರು ಮತ್ತೆ ಈ ಮೆಟ್ಟಿಲು ಹತ್ತಲಿಲ್ಲ.”

ಆ ಕೈಬರಹ ಮಾತ್ರ ಹನ್ನೊಂದು ವರ್ಷದಿಂದ ಇವರ ಡ್ರಾಯರಿನಲ್ಲಿದೆ. ಈ ಸಲ ಹೊಸ ಮುಖ್ಯಸ್ಥರ ಮುಂದೆ ನಿಂತು ನಡೆದದ್ದೆಲ್ಲ ಒಪ್ಪಿಕೊಂಡು, ಮೊದಲ ಗೋಷ್ಠಿ ಮೇಷ್ಟ್ರಿಗೇ ಸಿಗುವಂತೆ ಮಾಡಿದ್ದಾರೆ. ಪ್ರಬಂಧವನ್ನು ಇದ್ದಂತೆಯೇ ಟೈಪ್ ಮಾಡಿದ್ದಾರೆ. ನಕ್ಷತ್ರ ಎಷ್ಟೆಂದರೆ ಥಟ್ಟನೆ “ಮೂವತ್ತೊಂದು” ಎನ್ನುತ್ತಾರೆ. ಈಗ ಪ್ರತಿ ಕುರ್ಚಿಯ ಮೇಲೂ ಒಂದೊಂದು ಪ್ರತಿ ಇಡುತ್ತಿದ್ದಾರೆ.

ಮೇಷ್ಟ್ರು ಬರುವುದಿಲ್ಲ. ಹೋದ ವಾರ ಅವರ ಮಗಳು ಫೋನ್ ಮಾಡಿದ್ದಳು. ಲಕ್ವ ಹೊಡೆದು ಎಂಟು ತಿಂಗಳಾಯಿತಂತೆ. ಮಾತು ಬರುತ್ತದೆ, ಆದರೆ ನಿನ್ನೆ, ನಾಳೆಗಳೆಲ್ಲ ಕಲಸಿಹೋಗಿವೆ. ಪ್ರಬಂಧವನ್ನು ಮುಖ್ಯಸ್ಥರೇ ಓದಲಿದ್ದಾರೆ.

“ಫೋನ್ ಅವರ ಕಿವಿಗೆ ಹಿಡೀಮ್ಮ ಅಂದೆ. ಎಲ್ಲಾ ಹೇಳ್ಕೊಂಡೆ. ತಪ್ಪು ನಿಮ್ಮದಲ್ಲ ಸಾರ್, ನಂದು ಅಂದೆ. ಅರ್ಥ ಆಯ್ತೋ ಇಲ್ವೋ ದೇವರಿಗೇ ಗೊತ್ತು.” ತಡವಾಯಿತು ಎನ್ನುತ್ತಾ ಅವರು ಕಣ್ಣೊರೆಸಿಕೊಳ್ಳುತ್ತಾರೆ. ನಿಜಕ್ಕೂ ತಡವಾಗಿದೆ.

ಮೇಷ್ಟ್ರು ಏನೆಂದರು ಎಂದು ಕೇಳುತ್ತೇವೆ.

“‘ನಿನ್ನೆ ಬರ್ತೀನಮ್ಮ’ ಅಂದ್ರು. ‘ನಿನ್ನೆ ಅಲ್ಲಪ್ಪ, ನಾಳೆ’ ಅಂತ ಮಗಳು ಹಿಂದಿಂದ ಹೇಳ್ತಿದ್ಲು.” ಮೊದಲ ಸಾಲಿನ ಕುರ್ಚಿಯ ಮೇಲೆ ಪ್ರತಿಯನ್ನು ನೆಟ್ಟಗೆ ಇಡುತ್ತಾ ತಿದ್ದಕ್ಕ ಹೇಳುತ್ತಾರೆ: “ತಿದ್ಬೇಡ ಕಣಮ್ಮಾ ಅಂದೆ. ಬನ್ನಿ ಸಾರ್, ನಿನ್ನೇನೇ ಬನ್ನಿ ಅಂದೆ.”