ಇಟಾಸ್ಕಾದ ದುಭಾಷಿ

ಇಟಾಸ್ಕಾದ ನಮ್ಮ ಆಫೀಸು ಲಂಡನ್ನಿನ ಕಂಪನಿಯೊಂದಕ್ಕೆ ಸೇರಿತ್ತು. ಹನ್ನೊಂದು ಜನ, ಒಂದು ಕಾಫಿ ಯಂತ್ರ, ಕಿಟಕಿಯಾಚೆ ಸಾಲಾಗಿ ಇಳಿಯುವ ವಿಮಾನಗಳು. ಯಂತ್ರಗಳ ಕೈಪಿಡಿಗಳನ್ನು ತಿದ್ದುವುದು ನನ್ನ ಕೆಲಸ. ರಿಸೆಷನ್ನಿನ ಎರಡನೆಯ ಚಳಿಗಾಲದಲ್ಲಿ ಆ ಕಂಪನಿಯನ್ನು ಬೆಂಗಳೂರಿನವರು ಕೊಂಡುಕೊಂಡರು. ನನಗೆ ಒಳಗೊಳಗೇ ಖುಷಿಯಾದದ್ದು ನಿಜ. ಲೆಮಾಂಟಿನ ದೇವಸ್ಥಾನದಲ್ಲಿ ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಧಾರವಾಡದ ಡಾಕ್ಟರು, "ಎರಡ್ನೂರು ವರ್ಷ ಆಳ್ಯಾರ. ಈಗ ನಮ್ಮವರ ಕಡೆ ಪಗಾರ ತಗೊಳ್ಳಲಿ ಬಿಡ್ರಿ" ಎಂದು ತಟ್ಟೆ ಬಡಿದು ನಕ್ಕಿದ್ದರು.

ಆದರೆ ಕಂಪನಿ ಕೈ ಬದಲಾದರೆ ಕೆಲವರ ಕೆಲಸ ಹೋಗುವುದು ಖಂಡಿತ, ನನ್ನದು ಹೋದರೆ ನಡೆಯುವಂತಿರಲಿಲ್ಲ. ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಲ್ಲಿ ಕಾರಿನ ಬಿಡಿಭಾಗಗಳ ಕಂಪನಿಯಲ್ಲಿದ್ದ ನಮ್ಮ ಯಜಮಾನರು ಕೆಲಸ ಕಳೆದುಕೊಂಡು ಡೌನರ್ಸ್ ಗ್ರೋವ್‌ನ ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ಅವರ ಸಕ್ಕರೆ ಕಾಯಿಲೆಗೂ ಮಗಳ ಹಲ್ಲಿನ ತಂತಿಗೂ ಇದ್ದದ್ದು ನನ್ನ ಆಫೀಸಿನ ಇನ್ಶೂರೆನ್ಸ್ ಒಂದೇ.

ಯಾರನ್ನು ಉಳಿಸಿಕೊಳ್ಳಬೇಕೆಂಬ ಪಟ್ಟಿ ಬರೆಯುತ್ತಿದ್ದವನು ನಮ್ಮ ಇಂಗ್ಲಿಷ್ ಮ್ಯಾನೇಜರ್. ಆರು ವರ್ಷ ನನ್ನ ಹೆಸರನ್ನು ನೆಟ್ಟಗೆ ಹೇಳದವನು ಒಂದು ದಿನ ನನ್ನ ಮೇಜಿನ ಬಳಿ ಕುರ್ಚಿ ಎಳೆದುಕೊಂಡು ಕೂತ. ಅವನ ತಾತ ಬೆಂಗಳೂರಿನ ದಂಡಿನಲ್ಲಿ ಅಧಿಕಾರಿಯಾಗಿದ್ದನಂತೆ. "ತಾತನಿಗೊಬ್ಬ ದುಬಾಶ್ ಇದ್ದ. ಇನ್ನು ನೀನು ನನ್ನ ದುಬಾಶ್" ಎಂದ. ನಮ್ಮ ದುಭಾಷಿ ಎಂಬ ಮಾತನ್ನು ಅವನ ಮನೆಯವರು ಬೆಳ್ಳಿ ಚಮಚದ ಹಾಗೆ ಮೂರು ತಲೆಮಾರು ಜೋಪಾನ ಮಾಡಿಕೊಂಡು ಬಂದಿದ್ದರು. ಬೆಳಗಿನ ಫೋನ್ ಮೀಟಿಂಗಿನಲ್ಲಿ ನಾನು ಉಸಿರೆತ್ತದೆ ಕೂರಬೇಕು. ಬೆಂಗಳೂರಿನವರು ತಮ್ಮತಮ್ಮೊಳಗೆ ಕನ್ನಡದಲ್ಲಿ ಆಡಿಕೊಳ್ಳುವುದನ್ನು ಅವನಿಗೆ ಹೇಳಬೇಕು. ಹೇಳಿದರೆ ಪಟ್ಟಿಯಲ್ಲಿ ನನ್ನ ಹೆಸರು ಎಲ್ಲರಿಗಿಂತ ಮೇಲೆ.

ನಾನು ಒಪ್ಪಿದೆ. ಇದನ್ನು ಮುಚ್ಚಿಡುವುದಿಲ್ಲ.

ಮಂಗಳವಾರ ಬೆಳಿಗ್ಗೆ ಏಳೂವರೆಗೆ, ಹಿಮದ ಬೂಟು ಬಿಚ್ಚಿಟ್ಟು, ಸ್ಪೀಕರ್ ಫೋನಿನ ಮುಂದೆ ಅವನ ಪಕ್ಕ ಕೂತೆ. ಬೆಂಗಳೂರಿನ ಡೈರೆಕ್ಟರು ನಾವೆಲ್ಲ ಒಂದೇ ಕುಟುಂಬವೆಂದು ಇಂಗ್ಲಿಷಿನಲ್ಲಿ ಹತ್ತು ನಿಮಿಷ ಮಾತಾಡಿದರು. ಆಮೇಲೆ ಪಕ್ಕದವರ ಕಡೆ ತಿರುಗಿದ್ದು ದನಿಯಲ್ಲೇ ತಿಳಿಯಿತು.

"ಈ ಇಟಾಸ್ಕಾ ಬೇಡ್ವೇ ಬೇಡ ಕಣ್ರೀ. ಜೂನ್‌ಗೆ ಬೀಗ ಹಾಕ್ಸಿ. ಅದೇ ಕೆಲ್ಸ ಇಲ್ಲಿ ಅರ್ಧ ಸಂಬಳಕ್ಕೆ ಆಗತ್ತೆ."

"ದೊರೆಗೆ ಹೇಳೋದಾ ಸಾರ್?"

"ಈಗ್ಲೇ ಬೇಡ. ದೊರೆ ಇನ್ನೊಂದಷ್ಟು ದಿನ ಟೀ ಕುಡ್ಕೊಂಡಿರ್ಲಿ."

ಇಬ್ಬರೂ ನಕ್ಕರು. ಮ್ಯಾನೇಜರ್ ಮ್ಯೂಟ್ ಒತ್ತಿದ. "ಡೋರ್, ಡೋರ್ ಅಂದರಲ್ಲ? ಯಾವ ಬಾಗಿಲು?"

"ಬಾಗಿಲಲ್ಲ, ನೀನೇ" ಎಂದೆ. "ನಿನ್ನ ತಾತನನ್ನು ನಮ್ಮವರು ಕೈಮುಗಿದು ಹಾಗೆ ಕರೆಯುತ್ತಿದ್ದರು. ಈಗ ಗೇಲಿಗೆ ಕರೆಯುತ್ತಾರೆ."

ಅವನ ಕಿವಿ ಕೆಂಪಾಯಿತು. "ಮತ್ತೇನಂದರು? ಬೇಗ ಹೇಳು."

ಹೇಳಿದ್ದರೆ ತನ್ನೊಬ್ಬನ ಕುರ್ಚಿಗಾಗಿ ಚೌಕಾಸಿಗೆ ಇಳಿಯುತ್ತಿದ್ದನೆಂದು ನನಗೆ ಗೊತ್ತಿತ್ತು. ಕೈಚಾಚಿ ನಾನೇ ಮ್ಯೂಟ್ ತೆಗೆದೆ. "ಸಾರ್, ನಾನೂ ಇಲ್ಲಿ ಕೂತಿದೀನಿ. ನೀವಂದಿದ್ದೆಲ್ಲ ಕೇಳಿಸ್ತು" ಎಂದು ಕನ್ನಡದಲ್ಲಿ ಹೇಳಿದೆ.

ಆ ಕಡೆ ಯಾರೋ ಲೋಟ ಇಟ್ಟ ಸದ್ದು. "ಅಯ್ಯೋ! ಯಾವೂರಮ್ಮ ನಿಮ್ದು?"

"ಮೈಸೂರು."

"ಹಾಗಿದ್ರೆ ನಮ್ಮೋರೇ ಬಿಡಿ! ನೋಡೀಮ್ಮ, ಅವರಿಗೇನೂ ಹೇಳೋಕ್ಹೋಗ್ಬೇಡಿ. ಅಲ್ಲೇನ್ ನಡೀತಿದೆ ಅಂತ ಆಗಾಗ ನಮಗೊಂದು ಫೋನ್ ಹಾಕಿ, ಸಾಕು. ನಿಮ್ಮನ್ನ ನಾವು ನೋಡ್ಕೋತೀವಿ."

ಈ ಕಡೆ ಮ್ಯಾನೇಜರ್ ನನ್ನ ಸ್ವೆಟರಿನ ತೋಳು ಜಗ್ಗುತ್ತ, "ಏನಂದ? ಏನಂದ?" ಎನ್ನುತ್ತಿದ್ದ. ದೇವಸ್ಥಾನದ ಸಾಲಿನಲ್ಲಿ ನಾನು ಪಟ್ಟ ಖುಷಿಗೆ ನನಗೇ ನಾಚಿಕೆಯಾಯಿತು. ಇಬ್ಬರಿಗೂ ಬೇಕಾಗಿದ್ದದ್ದು ಚಾಡಿ ಹೇಳುವವಳೊಬ್ಬಳು, ಅಷ್ಟೇ.

ಎದ್ದು ಹೊರಗೆ ಬಂದೆ. ಕಾಫಿ ಯಂತ್ರಕ್ಕೆ ನೀರು ತುಂಬುತ್ತಿದ್ದ ಪೋಲೆಂಡಿನ ರಿಸೆಪ್ಷನಿಸ್ಟಿಗೆ ಮೊದಲು ಹೇಳಿದೆ. ಆಮೇಲೆ ಮೇಜಿನಿಂದ ಮೇಜಿಗೆ ಹೋಗಿ ಉಳಿದ ಎಂಟು ಜನಕ್ಕೂ. ಜೂನ್‌ಗೆ ಮುಚ್ಚುತ್ತಾರೆ, ಈಗಿನಿಂದಲೇ ಬೇರೆ ಕಡೆ ಅಪ್ಲೈ ಮಾಡಿ. ರಿಸೆಪ್ಷನಿಸ್ಟ್ ಜಗ್ ಕೆಳಗಿಟ್ಟು ನನ್ನನ್ನು ತಬ್ಬಿಕೊಂಡಳು. ಇನ್ನೊಬ್ಬ, ನಿಮ್ಮ ದೇಶದವರು ನಮ್ಮ ಕೆಲಸ ತಿಂದರು ಎಂದು ನನ್ನ ಮುಖದ ಮೇಲೇ ಅಂದ.

ಶುಕ್ರವಾರ ನನ್ನ ಕೈಗೆ ಕಾಗದ ಬಂತು. ಗುಟ್ಟಿನ ಸಂಗತಿ ಹೊರಗೆಡವಿದ ತಪ್ಪಿಗೆ ಕೆಲಸದಿಂದ ತೆಗೆಯಲಾಗಿದೆ. ಮೇಲೆ ಡೈರೆಕ್ಟರ ಸಹಿ, ಕೆಳಗೆ ಮ್ಯಾನೇಜರನ ಸಹಿ. ಅವನನ್ನು ಹೊಸ ಕಂಪನಿಯವರು ಸಲಹೆಗಾರನಾಗಿ ಉಳಿಸಿಕೊಂಡರು. ಅವರಿಗೊಬ್ಬ ಬಿಳಿಯ ಮುಖ ಬೇಕಿತ್ತು, ಅವನಿಗೆ ಸಂಬಳ. ಜಗಳವಾಗಲು ಕಾರಣವೇ ಇರಲಿಲ್ಲ.

ಮನೆಯಲ್ಲಿ ಯಜಮಾನರು ಕಾಗದವನ್ನು ಎರಡು ಸಲ ಓದಿದರು. "ಯಾವ್ದಾದ್ರೂ ಒಂದ್ ಕಡೆ ಸೇರ್ಕೊಂಡಿದ್ರೆ ಉಳೀತಿತ್ತಲ್ಲೇ?"

"ಉಳೀತಿತ್ತು."

ಅವರು ಕಾಗದವನ್ನು ಮೇಜಿನ ಮೇಲೆ ಬಡಿದಿಟ್ಟು ಒಳಗೆ ಹೋದರು. ಇನ್ಶೂರೆನ್ಸ್ ತಿಂಗಳ ಕೊನೆಯವರೆಗೆ ಇತ್ತು, ಅಂದರೆ ಹನ್ನೆರಡು ದಿನ. ಕೋಟು ಬಿಚ್ಚದೆಯೇ ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿ, ಮಗಳನ್ನು ಸೋಮವಾರವೇ ನೋಡಲು ಸಾಧ್ಯವೇ ಎಂದು ಕೇಳಿದೆ.