ರಟ್ಟಿಗಂಟಿದ ಕೊನೆಯ ಹಾಳೆ

ಗ್ರಂಥಾಲಯದಲ್ಲಿ ನಿಂತು ಕೂಗಾಡುವ ಹೆಂಗಸು ನಾನಾಗುತ್ತೇನೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಆದೆ. ಅದಕ್ಕೆ ಇವತ್ತಿಗೂ ಬೇಸರವಿಲ್ಲ. ಇನ್ನೂ ಎರಡು ಮಾತು ಜೋರಾಗಿ ಹೇಳಬೇಕಿತ್ತು ಅನಿಸುತ್ತದೆ.

ನಾನು ಬಲ್ಮಠದ ಒಂದು ಕಾಲೇಜಿನಲ್ಲಿ ಕಚೇರಿ ಕೆಲಸದವಳು. ಉಳ್ಳಾಲದ ಬಸ್ಸು ಹಿಡಿಯುವ ಮೊದಲು ಕೊಡಿಯಾಲ್‌ಬೈಲಿನ ಗ್ರಂಥಾಲಯಕ್ಕೆ ಹೋಗಿ ಅತ್ತೆಗೆ ಪುಸ್ತಕ ತರುತ್ತೇನೆ. ಸಕ್ಕರೆ ಕಾಯಿಲೆ ಅತ್ತೆಯ ಕಣ್ಣು ತಿಂದಿದೆ. ಮುಸ್ಸಂಜೆಯ ಮಗ್ರಿಬ್ ನಮಾಝ್ ಮುಗಿದ ಮೇಲೆ ನಾನು ಓದಬೇಕು, ಅವರು ಕೇಳಬೇಕು. ಮನೆಯಲ್ಲಿ ನಮ್ಮದು ಬ್ಯಾರಿ ಭಾಷೆ; ಅವರಿಗೆ ನಾನು ಮೋಳೆ, ಅಂದರೆ ಮಗಳು, ನನಗೆ ಅವರು ಉಮ್ಮ. ಪುಸ್ತಕ ತೆರೆದರೆ ಮಾತ್ರ ಅತ್ತೆ ಕನ್ನಡಕ್ಕೆ ಹೊರಳುತ್ತಾರೆ, ಮದುವೆಮನೆಗೆ ಸೀರೆ ಬದಲಾಯಿಸಿದ ಹಾಗೆ.

ಹಳೆಯ ಕಾದಂಬರಿ ಕೇಳಿದರೆ ಕೌಂಟರಿನವರ ಮೊದಲ ಪ್ರಶ್ನೆ, "ಫಿಲ್ಮ್ ಆದದ್ದು ಕೊಡ್ಲಾ ಮೇಡಂ?" ಕಾದಂಬರಿಗಳೆಲ್ಲ ಸಾಲಾಗಿ ಕೂತಿರುವುದೇ ಸಿನೆಮಾದವರು ಬಂದು ಹೆಣ್ಣು ನೋಡಿಕೊಂಡು ಹೋಗಲಿ ಎಂದು! ಒಪ್ಪಿದರೆ ಮುಂದಿನ ಕಪಾಟು, ಒಪ್ಪದಿದ್ದರೆ ಹಿಂದಿನ ಮೂಲೆ. ಈ ಮಾತಿಗೆ ಒಳಗೊಳಗೇ ಉರಿಯುತ್ತಿದ್ದೆ, ಆದರೆ ಆ ಮನುಷ್ಯ ನಯವಾಗಿ ಮಾತಾಡುವವರು, ಸುಮ್ಮನಿರುತ್ತಿದ್ದೆ.

ಕಳೆದ ಮಳೆಗಾಲ ಮುಗಿಯುವಾಗ ಅವರು "ನಮ್ಮ ಸಿಬ್ಬಂದಿಯ ಶಿಫಾರಸು" ಎಂಬ ಚೀಟಿ ಅಂಟಿಸಿದ ಒಂದು ಕಾದಂಬರಿಯನ್ನು ಕೈಗಿಟ್ಟರು. ಹೆಸರು ನೋಡಿ ಕುಣಿಯುವಷ್ಟು ಖುಷಿಯಾಯಿತು. ಅತ್ತೆ ಎಷ್ಟೋ ವರ್ಷಗಳಿಂದ ಹೇಳುತ್ತಿದ್ದ ಪುಸ್ತಕ ಅದು. ಶಾಲೆಯ ಕಪಾಟಿನಿಂದ ತಂದು ಓದುತ್ತಿದ್ದಾಗ ಅವರಿಗೆ ಮದುವೆ ಗೊತ್ತಾಯಿತು. ಶಾಲೆ ಬಿಡಿಸಿದರು. ಕೊನೆಯ ಅಧ್ಯಾಯ ಬಾಕಿ ಇರುವಾಗಲೇ ಅವರ ಅಣ್ಣ ಪುಸ್ತಕವನ್ನು ಶಾಲೆಗೆ ವಾಪಸು ಕೊಟ್ಟು ಬಂದರು. ಮುಂದೆ ಅದು ಸಿನೆಮಾ ಆಯಿತು, ಟಿವಿಯಲ್ಲೂ ಬಂತು. ಕೊನೆ ಹತ್ತಿರವಾಗುತ್ತಿದ್ದಂತೆ ಅತ್ತೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದರು. "ಪುಸ್ತಕದ್ದು ಮೊದಲು ಗೊತ್ತಾಗ್ಬೇಕು. ಇದು ಎಂಜಲು" ಎನ್ನುತ್ತಿದ್ದರು. ಅಷ್ಟು ಹಟ.

ಸಂಜೆ ಸಂಜೆ ಓದಿದೆವು. ಗಂಡನ ಮನೆಯಲ್ಲಿ ಉಸಿರು ಕಟ್ಟಿದ ಹುಡುಗಿಯೊಬ್ಬಳ ಕತೆ. ಕೊನೆಯ ಅಧ್ಯಾಯದಲ್ಲಿ ಅವಳು ಬೆಳಗಾಗುವ ಮೊದಲೇ ಎದ್ದು, ಗಂಟು ಕಟ್ಟಿ, ಜಗಲಿಗೆ ಬರುತ್ತಾಳೆ. ನಾನು ಪುಟ ತಿರುಗಿಸಿದರೆ ಮುಂದೆ ರಟ್ಟು. ಕೊನೆಯ ಹಾಳೆಯೇ ಇಲ್ಲ. ಹರಿದದ್ದೂ ಅಲ್ಲ, ಅಡಿಕೋಲು ಇಟ್ಟು ಬ್ಲೇಡಿನಲ್ಲಿ ಕೊಯ್ದದ್ದು.

"ಮತ್ತೆ?" ಎಂದರು ಅತ್ತೆ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಅದನ್ನು ಆ ಮುಖದಲ್ಲಿ ನೋಡಿದೆ.

ಮರುದಿನ ಕೌಂಟರಿನ ಮೇಲೆ ಪುಸ್ತಕ ಕುಕ್ಕಿದೆ. ಯಾರೋ ಓದುಗನ ಕಿತಾಪತಿ ಇರಬೇಕು ಎಂದುಕೊಂಡಿದ್ದೆ. ಆ ಮನುಷ್ಯನ ಮುಖ ಅರಳಿತು. "ಅದಾ? ಅದು ನಾವೇ ತೆಗೆದದ್ದು ಮೇಡಂ. ಎಕ್ಸಿಬಿಷನ್‌ಗೆ. ಕಾದಂಬರಿಯ ಎಂಡಿಂಗ್ ಒಂದು ಬದಿ, ಫಿಲ್ಮಿನ ಎಂಡಿಂಗ್ ಒಂದು ಬದಿ. ಜನ ಓದ್ಲಿ ಅಂತ!"

ಜನ ಓದಲಿ ಅಂತ ಪುಸ್ತಕದ ಕುತ್ತಿಗೆ ಕೊಯ್ದವರನ್ನು ನಾನು ಮೊದಲ ಸಲ ನೋಡಿದ್ದು. ಕೊಯ್ದ ಮೇಲೆ ಅದಕ್ಕೇ ಶಿಫಾರಸಿನ ಚೀಟಿ ಅಂಟಿಸಿ ಹಂಚಿದ್ದಾರೆ.

ಹಾಳೆ ಅಂಟಿಸಿದ ಪ್ರದರ್ಶನದ ರಟ್ಟು ಗೋದಾಮಿನಿಂದ ಹೊರಗೆ ಬಂತು. ಎಡಕ್ಕೆ ನಮ್ಮ ಹಾಳೆ, ಬಲಕ್ಕೆ ನಾಯಕಿಯ ಬಣ್ಣದ ಚಿತ್ರ, ಮೇಲೆ "ಎಷ್ಟು ವ್ಯತ್ಯಾಸ!" ಎಂಬ ಬರಹ. ಹಾಳೆಯಲ್ಲಿ ಹುಡುಗಿ ಜಗಲಿಯ ಬಾಗಿಲಿನ ಅಗುಳಿಯ ಮೇಲೆ ಕೈಯಿಟ್ಟು ನಿಂತಿದ್ದಾಳೆ. ವಾಕ್ಯ ಅರ್ಧ. ಉಳಿದದ್ದು ಹಿಂಬದಿಯಲ್ಲಿ. ಹಿಂಬದಿಗೆ ಮೂಲೆ ಮೂಲೆಗೂ ಗೋಂದು.

"ಹಿಂದೆ ಎಂತ ಉಂಟು?" ಕೇಳಿದೆ.

"ಸ್ವಲ್ಪವೇ ಇದ್ದದ್ದು ಮೇಡಂ."

"ಆ ಸ್ವಲ್ಪ ಎಂತ?"

ಅವರು ಪಕ್ಕದ ಮೇಜಿನವರನ್ನು ನೋಡಿದರು. ಆ ಮೇಜಿನವರು ಕಿಟಕಿ ನೋಡಿದರು. ಶಿಫಾರಸು ಮಾಡಿದವರಲ್ಲಿ ಒಬ್ಬರೂ ಕಾದಂಬರಿ ಓದಿರಲಿಲ್ಲ. "ನಾವು ಫಿಲ್ಮ್ ನೋಡಿ ಹಾಕಿದ್ದು. ನೀವೂ ಅದನ್ನೇ ನೋಡಿ ಮಾರಾಯ್ರೆ, ಮೊಬೈಲಲ್ಲೇ ಉಂಟಲ್ಲ."

ಕೂಗಾಡಿದ್ದು ಆಗ. ಊಟದ ರುಚಿ ನೋಡದೆ ಬಡಿಸುವವರು ನೀವು, ಒಬ್ಬಳು ಜೀವಮಾನವಿಡೀ ಕಾದ ಮಾತಿಗೆ ಗೋಂದು ಬಳಿದಿರಿ ಎಂದೆ. ಓದುತ್ತಿದ್ದವರೆಲ್ಲ ತಲೆಯೆತ್ತಿದರು. "ಸೈಲೆನ್ಸ್ ಪ್ಲೀಸ್" ಎಂದಿತು ಒಳಗಿನಿಂದ ಒಂದು ದನಿ. ರಟ್ಟನ್ನು ಕಂಕುಳಲ್ಲಿ ಹಿಡಿದು ಬಸ್ಸು ಹತ್ತಿದೆ. ನಾನು ಕೇಳಲಿಲ್ಲ, ಅವರು ತಡೆಯಲೂ ಇಲ್ಲ.

ಮನೆಯಲ್ಲಿ ಅತ್ತೆಯೇ ಉಪಾಯ ಹೇಳಿದರು. ಅಕ್ಕಿಯ ಪುಂಡಿ ಬೇಯಿಸುವ ಪಾತ್ರೆಯಲ್ಲಿ ನೀರು ಕುದಿಸಿ, ಹಬೆಗೆ ರಟ್ಟು ಹಿಡಿದೆ. ಗೋಂದು ಸಡಿಲವಾದ ಹಾಗೆ ಕಂಡಿತು. ಉಗುರಿನಿಂದ ಮೆಲ್ಲಗೆ ಎಬ್ಬಿಸಿದೆ. ಹಳೆಯ ಕಾಗದ, ನೆನೆದ ಅವಲಕ್ಕಿಯ ಹಾಗೆ ಮುದ್ದೆಯಾಗಿ ಕೈಗೆ ಬಂತು. ಒಂದಕ್ಷರವೂ ಉಳಿಯಲಿಲ್ಲ. ಒಲೆಯ ಮುಂದೆ ನಿಂತು ಅತ್ತುಬಿಟ್ಟೆ. ಸಿಟ್ಟಿಗೆ.

ಬೇರೆ ಪ್ರತಿ ಎಲ್ಲೂ ಸಿಗಲಿಲ್ಲ. ಹಳೆ ಪುಸ್ತಕದ ಅಂಗಡಿಗಳಲ್ಲಿ ವಿಚಾರಿಸಿದೆ, ಕಾಲೇಜಿನ ಕನ್ನಡ ಮೇಷ್ಟ್ರುಗಳನ್ನು ಕೇಳಿದೆ. ಹೆಸರು ಎಲ್ಲರಿಗೂ ಗೊತ್ತು, ಸಿನೆಮಾ ಆಗಿದೆಯಲ್ಲ. ಪ್ರಕಾಶಕರು ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿದೆಯಂತೆ.

ಒಂದು ಶುಕ್ರವಾರ ಅತ್ತೆ ತಾವಾಗಿ ಹೇಳಿದರು, "ಹಾಕು ಆ ಪಿಕ್ಚರು."

ಅದು ಸೋಲು. ಇಷ್ಟು ಕಾಲ ಅಡುಗೆಮನೆಗೆ ಎದ್ದು ಹೋಗುತ್ತಿದ್ದವರನ್ನು ಈ ಗ್ರಂಥಾಲಯದವರು ಸೋಲಿಸಿಬಿಟ್ಟರಲ್ಲ ಎಂದು ಹಲ್ಲು ಕಚ್ಚಿಕೊಂಡೇ ಮೊಬೈಲನ್ನು ಅವರ ಕಿವಿಯ ಹತ್ತಿರ ಹಿಡಿದೆ. ಕೊನೆಯ ದೃಶ್ಯದಲ್ಲಿ ಮಾತೇ ಇಲ್ಲ! ಬರೀ ಪಿಟೀಲು, ಕೊಳಲು. ಅತ್ತೆ ಸ್ವಲ್ಪ ಹೊತ್ತು ಕೇಳಿದರು.

"ಎಂತ ಆಯ್ತು ಮೋಳೆ? ಅವಳು ಹೋದಳಾ, ನಿಂತಳಾ?"

ತೆರೆಯ ಮೇಲೆ ಹುಡುಗಿ ಅಗುಳಿಯಿಂದ ಕೈ ತೆಗೆದು, ಸೆರಗಿನಿಂದ ಕಣ್ಣೊರೆಸಿಕೊಂಡು, ಒಳಗೆ ನಡೆದಿದ್ದಳು. ಸುಳ್ಳು ಹೇಳೋಣ ಎಂದು ಬಾಯಿ ತೆರೆದೆ. ಅವರಿಗೆ ಯಾವತ್ತೂ ಸುಳ್ಳು ಹೇಳಿದವಳಲ್ಲ.

"ಒಳಗೆ ಹೋದಳು, ಉಮ್ಮ."

ಅತ್ತೆ ಕಿವಿಯಿಂದ ಮೊಬೈಲನ್ನು ದೂಡಿದರು.

"ಒಳಗೆ ಹೋದವಳು ನಾನಿದ್ದೇನಲ್ಲ. ಅದನ್ನು ಹೇಳ್ಲಿಕ್ಕೆ ಪುಸ್ತಕ ಎಂತಕ್ಕೆ? ನಾಳೆ ಪುನಃ ಹೋಗಿ ಕೇಳು ಆ ಲೈಬ್ರರಿಯವರನ್ನು, ಪುಸ್ತಕದಲ್ಲಿ ಎಂತ ಇತ್ತು ಅಂತ."