ಕೂಲರ್‌ನೊಳಗಿನ ಕಂಪ್ಯೂಟರ್

ಕಂಪ್ಯೂಟರಿನ ಡಬ್ಬವನ್ನು ನಾನೇ ಮಾಡಿಕೊಂಡೆ ಎಂದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಗಂಡನ ಮುಖ ನೋಡುತ್ತಾರೆ. ಮಾಡಿದ್ದು ಅವರಿರಬೇಕು, ಈಕೆ ಸುಮ್ಮನೆ ಹೆಸರು ಹೇಳಿಕೊಳ್ಳುತ್ತಿದ್ದಾಳೆ ಎಂಬ ಹಾಗೆ. ಅಯ್ಯೋ ಮಹಾರಾಯರೇ, ನನ್ನ ಗಂಡನಿಗೆ ಮಿಕ್ಸಿಯ ಪ್ಲಗ್ಗಿಗೆ ವೈರ್ ಹಾಕಲೂ ಬರುವುದಿಲ್ಲ. ತೋರಣಗಲ್ಲಿನ ಕಾರ್ಖಾನೆಯಲ್ಲಿ ಶಿಫ್ಟ್ ಮಾಡುತ್ತಾರೆ ನಿಜ, ಆದರೆ ಅದು ಸ್ಟೋರಿನಲ್ಲಿ ಸಾಮಾನು ಎಣಿಸುವ ಕೆಲಸ. ಇಲ್ಲಿ ಅಳತೆ, ಕೊರೆತ, ಸ್ಕ್ರೂ ಎಲ್ಲಾ ನನ್ನವೇ.

ಹೊಸಪೇಟೆಯಲ್ಲಿ ಮನೆ ಕಟ್ಟಿಸುವವರಿಗೆ ನಾನು ನಕ್ಷೆ ಹಾಕಿಕೊಡುತ್ತೇನೆ. ಇನ್ನೂ ಪಾಯ ತೋಡದ ಮನೆಯನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಬಣ್ಣ ಬಳಿದು, ಮುಂದೊಂದು ಕಾರು ನಿಲ್ಲಿಸಿ ತೋರಿಸಬೇಕು. ಅದಕ್ಕೆ ಶಕ್ತಿಯುಳ್ಳ ಕಂಪ್ಯೂಟರ್ ಬೇಕು, ಅಂಥದ್ದು ಒಲೆಯ ಹಾಗೆ ಕಾಯುತ್ತದೆ. ನಾನು ಕೂತು ನಕ್ಷೆ ಹಾಕುತ್ತಿದ್ದ ಅಂಗಡಿಯಲ್ಲಿ ಎಸಿ ಇದ್ದುದರಿಂದ ಆ ತೊಂದರೆ ಗೊತ್ತಾಗಿರಲಿಲ್ಲ. ಅವ್ವ ಬಿದ್ದ ಮೇಲೆ ಅಂಗಡಿ ಮುಚ್ಚಿ ಕಂಪ್ಯೂಟರನ್ನು ಮನೆಯ ಪಡಸಾಲೆಗೆ, ಅವಳ ಮಂಚದ ಎದುರಿಗೇ ತಂದಿಟ್ಟುಕೊಂಡೆ.

ಅಪ್ಪ ಹೋದ ಮೇಲೂ ಅವ್ವ ಕಂಪ್ಲಿಯ ಮನೆಯನ್ನು ಬಾಡಿಗೆಯವರ ಸಮೇತ ಆಳುತ್ತಿದ್ದಳು. ಬಚ್ಚಲಲ್ಲಿ ಜಾರಿ ಸೊಂಟದ ಕೀಲು ಮುರಿಯಿತು. ಆಪರೇಷನ್ ಚೆನ್ನಾಗಿಯೇ ಆಯಿತು. ನಾನೊಬ್ಬಳೇ ಮಗಳು, ಸಾಮಾನು ಸಮೇತ ನನ್ನ ಮನೆಗೆ ಕರೆತಂದೆ. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ ಯುಗಾದಿ ಹೊತ್ತಿಗೆ ನನ್ನನ್ನು ಬಾಗಿಲಾಚೆ ಕರೆದು ಹೇಳಿದಳು: "ಮೂಳಿ ಕೂಡೈತ್ರಿ ಅಕ್ಕ. ಅಮ್ಮಾರೇ ಕಾಲು ಊರವಲ್ರು. ಈ ಬ್ಯಾಸಿಗಿಯೊಳಗ ಎದ್ದು ಅಡ್ಡಾಡದಿದ್ರ ಕೀಲು ಬಿಗೀತೈತಿ, ಆಮ್ಯಾಗ ಹಾಸಿಗಿನೇ ಗತಿ ನೋಡ್ರಿ."

ಅವ್ವನಿಗೆ ಹೇಳಿದೆ, ಬೇಡಿಕೊಂಡೆ, ಬೈದೆ. ಗೋಡೆಗೆ ಹೇಳಿದ ಹಾಗಾಯಿತು. ವಾಕರ್ ಮಂಚದ ಪಕ್ಕದಲ್ಲಿ ನಿಂತೇ ಇತ್ತು, ಅದರ ಮೇಲೆ ಟವೆಲ್ ಒಣಹಾಕಲು ಶುರುಮಾಡಿದ್ದೆವು. ಬಂದ ದಿನ "ಮಗಳ ಮನಿಯಾಗ ಎಷ್ಟು ದಿನ ಅಂತ ಕುಂತು ಉಣ್ಣೋದು" ಅಂದವಳು ಆಮೇಲೆ ಅದನ್ನೂ ಅನ್ನಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೂ ಹೂಂ, ಕಮ್ಮಿಯಾದರೂ ಹೂಂ. ಕಂಪ್ಲಿಯಲ್ಲಿ ಇದೇ ಅವ್ವ ಬೈದರೆ ಓಣಿಯ ಕೊನೆಯ ಮನೆಗೆ ಕೇಳಿಸುತ್ತಿತ್ತು. ಚಿಕ್ಕಂದಿನಿಂದ ಆ ಬೈಗುಳ ತಿಂದು ಬೆಳೆದವಳು ನಾನು, ಈಗ ಅದೇ ಒಂದು ಬೈಗುಳಕ್ಕಾಗಿ ಕಾಯುತ್ತಿದ್ದೆ. ಇವಳು ಇನ್ನು ಏಳುವುದೇ ಇಲ್ಲವೇನೋ ಎಂದು ಭಾರಿ ಹೆದರಿಕೆಯಾಗಿತ್ತು ನನಗೆ.

ಏಪ್ರಿಲ್ ಬಂತು. ಹೊಸಪೇಟೆಯ ಏಪ್ರಿಲ್ ಗೊತ್ತಿಲ್ಲದವರು ಪುಣ್ಯವಂತರು. ಮಧ್ಯಾಹ್ನ ಅರ್ಧ ಮನೆ ಕಟ್ಟಿರುವಾಗಲೇ ಕಂಪ್ಯೂಟರ್ ಠುಸ್ಸೆಂದು ಆರಿಹೋಗುತ್ತಿತ್ತು. ಬಿಚ್ಚಿ ನೋಡಿದರೆ ಒಳಗೆಲ್ಲ ಸಂಡೂರಿನ ಗಣಿಯ ಕೆಂಪು ಧೂಳು. ನಮ್ಮ ಮನೆ ಅದಿರು ಲಾರಿಗಳ ರಸ್ತೆಗೆ ಹತ್ತಿರ, ಒಣಹಾಕಿದ ಬಿಳಿ ಬಟ್ಟೆ ಸಂಜೆಯೊಳಗೆ ತನ್ನ ಬಣ್ಣ ಮರೆತಿರುತ್ತದೆ. ಕಂಪ್ಯೂಟರ್ ಮಾರುವ ಅಂಗಡಿಯಲ್ಲಿ ಕೇಳಿದರೆ ತೋರಿಸಿದ ಹೊಸ ಡಬ್ಬಗಳಿಗೆಲ್ಲ ಮುಂದೆ ಗಾಜು, ಒಳಗೆ ಬಣ್ಣಬಣ್ಣದ ದೀಪ. ಗಾಳಿಯಾಡುವ ಜಾಗ ಮಾತ್ರ ಮೂಗಿನ ಹೊಳ್ಳೆಯಷ್ಟು. "ಮಸ್ತ್ ಕಾಣ್ತೈತ್ರಿ ಮೇಡಂ" ಎಂದ ಅಂಗಡಿಯವನು. ಕಾಣಲಿಕ್ಕೆ ಅದೇನು ಮದುವೆ ದಿಬ್ಬಣಕ್ಕೆ ಹೋಗುತ್ತದೆಯೇ? ಮೈಯೆಲ್ಲ ಉರಿದು ಮನೆಗೆ ಬಂದೆ. ಊರಿಗೆಲ್ಲ ಮನೆ ಬರೆದುಕೊಡುವವಳು, ನನ್ನ ಕಂಪ್ಯೂಟರಿಗೊಂದು ಮನೆ ಬರೆಯಲಾರೆನೇ ಅನ್ನಿಸಿತು.

ಪ್ಲಾನ್, ಎಲಿವೇಷನ್, ಸೆಕ್ಷನ್ ಎಲ್ಲಾ ಬರೆದೆ. ಗಾಳಿ ಮೂರು ಕಡೆಯಿಂದ ಬರಬೇಕು, ಬಿಸಿಯಾದದ್ದು ಒಂದೇ ಬಾಯಿಂದ ಹೊರಗೆ ಹೋಗಬೇಕು, ಧೂಳು ಹೊಸ್ತಿಲಲ್ಲೇ ನಿಲ್ಲಬೇಕು. ಗಿರಾಕಿಗಳ ವಾಸ್ತು ಕೇಳಿ ಕೇಳಿ ನನಗೂ ಅಂಟಿಕೊಂಡಿತ್ತೇನೋ, ಎಲ್ಲಕ್ಕಿಂತ ಹೆಚ್ಚು ಕಾಯುವ, ಪರದೆಗೆ ಚಿತ್ರ ಕಳಿಸುವ ಕಾರ್ಡನ್ನು ಒಲೆಯ ಹಾಗೆ ಆಗ್ನೇಯ ಮೂಲೆಯಲ್ಲಿಟ್ಟೆ. ಮೊದಲು ರಟ್ಟಿನಲ್ಲಿ ಮಾಡಿ ನೋಡಿದೆ. ಎಲ್ಲಾ ಭಾಗಗಳೂ ಕೂರುವ ದೊಡ್ಡ ಬೋರ್ಡನ್ನು ಹಿಂದುಮುಂದಾಗಿ ಅಳೆದಿದ್ದೆ, ಕೇಬಲ್ ಚುಚ್ಚುವ ತೂತುಗಳೆಲ್ಲ ಒಳಮುಖವಾಗಿ ಕೂತಿದ್ದವು.

"ತಲಿಬಾಗಲನೇ ಇಲ್ಲದ ಮನಿ ಕಟ್ಟೀಯಲ್ಲೇ" ಎಂದು ನನ್ನ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಿಮ್ಮ ಸ್ಟೋರಿನಾಗ ಎಣಿಸೋದಿದ್ರ ಹೋಗಿ ಎಣಿಸ್ರಿ" ಎಂದೆ. ರಟ್ಟನ್ನು ಹರಿದು ಬಿಸಾಕಿ ಮತ್ತೆ ಅಳೆದೆ.

ಇನ್ನು ತಗಡು. ಅವ್ವನ ಸಾಮಾನಿನ ಜೊತೆ ಕಂಪ್ಲಿಯಿಂದ ಟೆಂಪೋದಲ್ಲಿ ಬಂದ ಹಳೇ ಏರ್ ಕೂಲರ್ ಮಾಳಿಗೆಯ ಮೇಲೆ ಬಿದ್ದಿತ್ತು. ಮೋಟಾರ್ ಸುಟ್ಟಿತ್ತು, ಮೈ ಗಟ್ಟಿಯಾಗಿತ್ತು. ಮೂರು ಬದಿಗೆ ಗಾಳಿ ಬರುವ ಪಟ್ಟಿಪಟ್ಟಿ ಬಾಗಿಲು, ಎದುರಿಗೆ ಫ್ಯಾನಿನ ದುಂಡು ಬಾಯಿ, ಕೆಳಗೆ ನೀರಿನ ತೊಟ್ಟಿ. ಅದನ್ನು ನೋಡುತ್ತಿದ್ದ ಹಾಗೆ ನಾನು ಬರೆದ ಮನೆಯೇ ಎದ್ದು ಬಂದು ನಿಂತಂತಾಯಿತು. ವೆಲ್ಡಿಂಗ್ ಅಂಗಡಿಗೆ ಒಯ್ದು ನಡುವೆ ಅಡ್ಡ ತಗಡು ಕೂಡಿಸಿದೆ. ತಗಡಿಗೆ ತಾಗದಂತೆ ಹಿತ್ತಾಳೆಯ ಗಿಡ್ಡ ಕಾಲುಗಳ ಮೇಲೆ ಬೋರ್ಡು ನಿಲ್ಲಿಸಿದೆ. ಬಾಗಿಲುಗಳೊಳಗೆ ನೀರು ಹೀರಲು ತುಂಬಿದ್ದ ಹುಲ್ಲನ್ನು ಕಿತ್ತು ಆ ಜಾಗಕ್ಕೆ ಸೊಳ್ಳೆ ಜಾಲರಿ ಬಿಗಿದು, ಹಿಂದೆ ತೆಳು ಪಂಚೆಯ ತುಂಡು ಕಟ್ಟಿದೆ. ದುಂಡು ಬಾಯಿಗೆ ನಿಧಾನಕ್ಕೆ ತಿರುಗುವ ಅಗಲ ಫ್ಯಾನು. ಕರೆಂಟ್ ಕೊಡುವ ಭಾರದ ಪೆಟ್ಟಿಗೆಗೆ ಮೇಲೆ ಜಾಗ ಸಾಲಲಿಲ್ಲ, ಅದನ್ನು ಕೆಳಗೆ ಒಣ ತೊಟ್ಟಿಯಲ್ಲಿ ಕೂರಿಸಿದೆ. ತಗಡಿನ ಕೂಲರ್ ಮುಟ್ಟಿ ಶಾಕ್ ಹೊಡೆಸಿಕೊಳ್ಳದವರು ನಮ್ಮ ಕಡೆ ಕಡಿಮೆ, ಹಾಗಾಗಿ ಅರ್ಥ್ ವೈರ್ ಎಳೆದು ಮತ್ತೆ ಮತ್ತೆ ಪರೀಕ್ಷೆ ಮಾಡಿದೆ.

ಪಡಸಾಲೆಯಲ್ಲಿಟ್ಟು ಸ್ವಿಚ್ ಹಾಕಿದೆ. ಮಧ್ಯಾಹ್ನವೆಲ್ಲ ಓಡಿತು, ಒಂದು ಸಲವೂ ಆರಲಿಲ್ಲ. ಅಬ್ಬಾ, ಆ ಸಮಾಧಾನ! ಕೆಲಸ ಮುಗಿಸಿ ಗಿರಾಕಿಗೆ ಕಳಿಸಿ, ಕಾಲು ಚಾಚಿ ಕೂತು ಚಹಾ ಕುಡಿದೆ.

"ಅವ್ವಾ, ನೋಡಿಲ್ಲಿ. ನನ್ನ ಕಂಪ್ಯೂಟರ್ ಡಬ್ಬಿ" ಎಂದೆ.

ಅವ್ವ ನೋಡಿದಳು. "ಹೂಂ" ಎಂದಳು. ಅವಳ ಕಣ್ಣಿಗೆ ಕಂಪ್ಯೂಟರ್ ಎಂದರೆ ಮೇಜಿನ ಮೇಲಿನ ಟಿವಿಯಂಥ ಪರದೆ. ಪಕ್ಕದಲ್ಲಿ ನಿಂತದ್ದು ಏನೆಂದು ಅವಳು ಕೇಳಲಿಲ್ಲ, ನಾನು ಬಿಡಿಸಿ ಹೇಳಲೂ ಇಲ್ಲ.

ಒಂದೆರಡು ದಿನ ಬಿಟ್ಟು ಅವ್ವ ತಾನಾಗಿ ಬಾಯಿ ತೆರೆದಳು: "ಬಿಸಿ ಗಾಳಿ ಬರಾಕತ್ತೈತಿ." ಅವಳು ಮಾತಾಡಿದ್ದಕ್ಕೇ ಖುಷಿಯಾಗಿ ನಾನು ಡಬ್ಬದ ಮುಖವನ್ನು ಬಾಗಿಲ ಕಡೆ ತಿರುಗಿಸಿದೆ. ಅವ್ವ ಡಬ್ಬವನ್ನೊಮ್ಮೆ ನನ್ನನ್ನೊಮ್ಮೆ ನೋಡಿ ಮುಖವನ್ನು ಗೋಡೆ ಕಡೆ ಮಾಡಿದಳು. ವ್ಯಾಯಾಮದ ಹುಡುಗಿ ಬಂದಳು, ಹೋದಳು. ಅವ್ವನ ಕಾಲು ನೆಲ ಮುಟ್ಟಲಿಲ್ಲ. ಹುಡುಗಿ ಈ ಸಲ ನನ್ನನ್ನು ಬಾಗಿಲಾಚೆ ಕರೆಯದೆ ಚಪ್ಪಲಿ ಮೆಟ್ಟಿ ಹೊರಟಳು, ಅದು ಇನ್ನೂ ಕೆಟ್ಟದೆನಿಸಿತು.

ಆ ದಿನ ಮಧ್ಯಾಹ್ನ ಊಟವಾದ ಮೇಲೆ ಕರೆಂಟ್ ಹೋಯಿತು. ನನ್ನ ಗಂಡ ರಾತ್ರಿ ಶಿಫ್ಟ್ ಮುಗಿಸಿ ಬಂದು ಒಳಕೋಣೆಯಲ್ಲಿ ಮಲಗಿದ್ದರು. ಹೇಗೂ ಕೆಲಸ ನಿಂತಿತಲ್ಲ ಎಂದು ನಾನು ಮಾಳಿಗೆಗೆ ಹೋಗಿ, ಒಣಹಾಕಿದ್ದ ಶಾವಿಗೆಯನ್ನು ಮೊರಕ್ಕೆ ತುಂಬಿಕೊಂಡೆ. ಲಾರಿಯ ಕೆಂಪು ಹಾರಿದರೆ ಮುಗಿಯಿತು, ಪಾಯಸವೂ ಸಂಡೂರಿನದೇ ಆಗುತ್ತದೆ. ಗೊಣಗುತ್ತಾ ಮೆಟ್ಟಿಲಿಳಿದು ಬಂದೆ.

ಮಂಚ ಖಾಲಿ.

ವಾಕರ್ ಮೇಲಿದ್ದ ಟವೆಲ್ ನೆಲದ ಮೇಲೆ ಬಿದ್ದಿತ್ತು. ಬಚ್ಚಲಿನಿಂದ ಪಡಸಾಲೆಯವರೆಗೆ ನೀರು ಚೆಲ್ಲಿತ್ತು. ಬಿದ್ದಳು, ಮತ್ತೆ ಬಿದ್ದಳು ಎಂದು ಬಾಯಿ ತೆರೆದವಳು ಹಾಗೇ ನಿಂತೆ. ಅವ್ವ ಬಿದ್ದಿರಲಿಲ್ಲ, ನನ್ನ ಡಬ್ಬದ ಮುಂದೆ ನಿಂತಿದ್ದಳು. ಎಡಗೈ ವಾಕರ್ ಮೇಲೆ. ಬಲಗೈಯಲ್ಲಿದ್ದ ತಂಬಿಗೆಯಿಂದ, ತೊಟ್ಟಿಗೆ ನೀರು ಹಾಕುವ ಕಿಂಡಿಯೊಳಗೆ ನೀರು ಸುರಿಯುತ್ತಿದ್ದಳು.

ಬರಿಗಾಲು, ಒದ್ದೆ ನೆಲ, ತಗಡು. ಯಾವ ಗಳಿಗೆಯಲ್ಲಾದರೂ ಕರೆಂಟ್ ಬರಬಹುದು. ಸದ್ದಿಗೆ ಎದ್ದು ಬಂದು ಒಳಬಾಗಿಲಲ್ಲಿ ನಿಂತಿದ್ದ ಗಂಡನಿಗೆ "ಮೇನ್ ಸ್ವಿಚ್!" ಎಂದು ಕಿರುಚಿದೆ. ಲುಂಗಿ ಎತ್ತಿ ಹಿಡಿದುಕೊಂಡು ಓಡಿದರು. "ತಗದೆ, ತಗದೆ" ಎನ್ನುವುದು ಹೊರಗಿನಿಂದ ಕೇಳಿಸಿದಾಗ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಮೊರದ ಅರ್ಧ ಶಾವಿಗೆ ನೆಲದ ಪಾಲಾಗಿತ್ತು.

ಅವ್ವ ನಿಧಾನಕ್ಕೆ ಈ ಕಡೆ ತಿರುಗಿದಳು. ಮುಖವೆಲ್ಲ ಬೆವರು.

"ಯಾಕ ಬೊಬ್ಬಿ ಹೊಡೀತಿಯೇ? ಕೂಲರ್ ತಂದಿಟ್ಟು ಒಂದು ಹನಿ ನೀರು ಹಾಕಿಲ್ಲ ನೀನು. ದಿನಾ ಬಿಸಿ ಗಾಳಿ ಬಿಡ್ತೈತಿ, ಹೇಳಿದ್ರ ಅದರ ಮುಖ ಆ ಕಡಿ ತಿರುಗಿಸ್ತೀ! ಅಳಿಯಂದ್ರು ರಾತ್ರಿಯೆಲ್ಲ ದುಡಿದು ಬಂದು ಒಳಗ ಬೆವರಾಕತ್ತಾರ. ಕರೆಂಟ್ ಬರೋದ್ರಾಗ ತುಂಬಿಸಿಡಬೇಕು ಅನ್ನೋ ಬುದ್ಧಿ ಬ್ಯಾಡ? ಹಿಂಗೇನು ಮನಿ ನಡಸೋದು? ನಾನು ಬಿದ್ಕೊಂಡೀನಂತ ಯಾರೂ ಹೇಳೋರಿಲ್ಲ ಕೇಳೋರಿಲ್ಲ!"

ಪಕ್ಕದ ಮನೆಯ ಕಿಟಕಿ ತೆರೆದ ಸದ್ದಾಯಿತು. ಓಣಿಯ ಕೊನೆಗೂ ಕೇಳಿಸಿರಬೇಕು. ನನಗೆ ಅಳು ನುಗ್ಗಿ ಬಂತು, ಅದರ ಜೊತೆಯಲ್ಲೇ ನಗುವೂ ಬಂತು, ಎರಡನ್ನೂ ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡೆ. ಒಳಗೆ ಬಂದ ನನ್ನ ಗಂಡ ನೀರು ನೋಡಿದರು, ಡಬ್ಬ ನೋಡಿದರು.

"ಅತ್ತೀ, ಅದು ಕೂಲರ್ ಅಲ್ರಿ..." ಎಂದು ಶುರುಮಾಡುತ್ತಿದ್ದವರ ತೋಳನ್ನು ಜೋರಾಗಿ ಚಿವುಟಿದೆ.

"ಸುಮ್ನಿರ್ರಿ."

"ಅಲ್ಲೇ, ಅದರಾಗ ನಿನ್ನ ಕಂಪ್ಯೂಟರ್ ಐತಿ" ಎಂದು ಕಿವಿಯಲ್ಲಿ ಹೇಳಿದರು.

"ಐತಿ, ಇರ್ಲಿ ಬಿಡ್ರಿ. ಹಾಳಾದ್ರ ಹಾಳಾಗ್ಲಿ."

ಅವ್ವ ಕಿಂಡಿಯೊಳಗೆ ಇಣುಕಿದಳು. "ಅರ್ಧಾನೂ ಆಗಿಲ್ಲ" ಎಂದು ತನಗೆ ತಾನೇ ಹೇಳಿಕೊಂಡು ಬಚ್ಚಲ ಕಡೆ ಹೊರಟಳು. ವಾಕರ್ ಮುಂದೆ ಸರಿಯಿತು, ಆಪರೇಷನ್ ಆದ ಕಾಲು ಊರಿತು, ಇನ್ನೊಂದು ಕಾಲು ಬಂತು. ಹಿಡಿದುಕೊಂಡರೆ ಎಲ್ಲಿ ಮತ್ತೆ ಕೂತುಬಿಡುತ್ತಾಳೋ ಎಂದು ನಾನು ಮುಟ್ಟಲಿಲ್ಲ. ಎರಡೂ ಕೈ ಅಗಲಿಸಿಕೊಂಡು ಬೆನ್ನ ಹಿಂದೆಯೇ ನಡೆದೆ.

ಬಚ್ಚಲಲ್ಲಿ ಬಕೆಟ್ಟಿನ ತಳ ಕಾಣುತ್ತಿತ್ತು. ಅವ್ವ ತಂಬಿಗೆ ಹಿಡಿದು ನಿಂತು ನನ್ನ ಮುಖ ನೋಡಿದಳು. ನಾನು ಅವಳನ್ನು ದಾಟಿ ಒಳಗೆ ಹೋಗಿ, ನಲ್ಲಿಯನ್ನು ಪೂರ್ತಿ ತಿರುಗಿಸಿ, ಬಕೆಟ್ ತುಂಬಿಸಿಕೊಟ್ಟೆ.